ನರ್ಸಿಂಗ್ ತರಗತಿಗೆ ರೋಗಿಯನ್ನೇ ಪಾಠ ಹೇಳಲು ಕರೆಯುವುದು: ಮಾಡಿದವರು ಯಾರಾದರೂ ಇದ್ದೀರಾ?

ಟ್ಯೂಟರ್ ಮೇಡಂ (ಚರ್ಚೆ ಆರಂಭಿಸಿದವರು)

ನಾನು ಒಂದು ನರ್ಸಿಂಗ್ ಕಾಲೇಜಿನಲ್ಲಿ ಮೂರನೇ ಸೆಮಿಸ್ಟರ್‌ಗೆ ಕಲಿಸುತ್ತೇನೆ. 2021ರ ಪಠ್ಯಕ್ರಮದಲ್ಲಿ ವಿಷಯದ ಹೆಸರು ಅಡಲ್ಟ್ ಹೆಲ್ತ್ ನರ್ಸಿಂಗ್ ಎಂದಾಗಿದೆ. ನಮ್ಮ ಬಾಯಿಗೆ ಮಾತ್ರ ಇನ್ನೂ ಹಳೆಯ ಹೆಸರು ಮೆಡ್‌ಸರ್ಜ್ (ಮೆಡಿಕಲ್ ಸರ್ಜಿಕಲ್) ಎಂದೇ ಬರುತ್ತದೆ.

ಮುಂದಿನ ತಿಂಗಳು ಕೊಲೊಸ್ಟಮಿ (ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲ ಹೊರಬರಲು ಮಾಡಿದ ದಾರಿ) ಆರೈಕೆಯ ಪಾಠವಿದೆ. ಪ್ರತಿ ವರ್ಷದ ಕ್ರಮ ಹೀಗೆ: ಲ್ಯಾಬಿನಲ್ಲಿ ರಬ್ಬರಿನ ಹೊಟ್ಟೆಯ ಡಮ್ಮಿ ಇದೆ, ಅದರ ಮೇಲೆ ಕೆಂಪು ಗುಂಡಿಯಂಥ ಸ್ಟೋಮಾ, ಅಂದರೆ ಆ ದಾರಿಯ ಬಾಯಿ, ಇದೆ. ಮಕ್ಕಳು ಸಾಲಾಗಿ ಬಂದು ಅದರ ಸುತ್ತ ಒರೆಸಿ, ಅಳತೆ ತೆಗೆದು, ಮಲ ತುಂಬಿಕೊಳ್ಳುವ ಬ್ಯಾಗ್ ಅಂಟಿಸಿ ಹೋಗುತ್ತಾರೆ. ಡಮ್ಮಿಯ ಚರ್ಮ ಎಂದೂ ಕೆಂಪಾಗುವುದಿಲ್ಲ, ಬ್ಯಾಗ್ ಎಂದೂ ಸೋರುವುದಿಲ್ಲ.

ಹೋದ ವರ್ಷ ಒಬ್ಬ ಹಿರಿಯರ ಪರಿಚಯವಾಯಿತು. ಕೃಷಿಕರು, ಗುದನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಗಿ ಶಾಶ್ವತ ಸ್ಟೋಮಾ ಇದೆ. ಬ್ಯಾಗ್ ಯಾಕೆ ಇಷ್ಟು ಬೇಗ ಬಿಟ್ಟುಕೊಳ್ಳುತ್ತದೆ ಎಂದು ಕೇಳಿದೆ. ಅವರು ಎದ್ದು ನಿಂತು ಪಂಚೆ ತೋರಿಸಿದರು. "ಆಪರೇಷನ್‌ಗೆ ಮೊದಲು ನನ್ನನ್ನು ಮಲಗಿಸಿ ಹೊಟ್ಟೆಯ ಮೇಲೆ ಗುರುತು ಹಾಕಿದರು. ಮಲಗಿದವನಿಗೆ ಪಂಚೆ ಎಲ್ಲಿ ಕಟ್ಟುತ್ತೀಯ ಎಂದು ಯಾರೂ ಕೇಳಲಿಲ್ಲ. ಈಗ ನೋಡಿ, ಉಡಿದಾರ ಇದರ ಮೇಲೆಯೇ ಬರುತ್ತದೆ, ಪಂಚೆ ಎತ್ತಿ ಕಟ್ಟಿದರೆ ಗಂಟೂ ಇಲ್ಲಿಗೇ ಬೀಳುತ್ತದೆ."

ಸ್ಟೋಮಾದ ಜಾಗವನ್ನು ರೋಗಿ ಮಲಗಿದಾಗ, ಕುಳಿತಾಗ, ನಿಂತಾಗ ಮೂರೂ ಭಂಗಿಯಲ್ಲಿ ನೋಡಿ ಗುರುತಿಸಬೇಕು, ಬೆಲ್ಟ್ ಬರುವ ಗೆರೆಯನ್ನು ತಪ್ಪಿಸಬೇಕು ಎಂದು ಒಂಬತ್ತು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಬೆಲ್ಟ್! ನಮ್ಮ ವಾರ್ಡಿನಲ್ಲಿ ಬೆಲ್ಟ್ ಕಟ್ಟುವವರು ಎಷ್ಟು ಮಂದಿ? ಪುಸ್ತಕ ಪ್ಯಾಂಟು ತೊಟ್ಟವನಿಗಾಗಿ ಬರೆದದ್ದು ಎಂಬುದು ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ.

ಅವರನ್ನೇ ತರಗತಿಗೆ ಕರೆದು ಒಂದು ಗಂಟೆ ಮಾತನಾಡಿಸಬೇಕೆಂದು ಆಸೆ. ಪ್ರಿನ್ಸಿಪಾಲರು ಅರ್ಧ ಮನಸ್ಸಿನಲ್ಲಿದ್ದಾರೆ. ರೋಗಿಯನ್ನು ನೋಡಲು ವಾರ್ಡ್ ಇದೆಯಲ್ಲ, ಇಲ್ಲಿಗೆ ಬಂದು ಏನಾದರೂ ಹೆಚ್ಚುಕಡಿಮೆ ಆದರೆ ಯಾರು ಹೊಣೆ ಎನ್ನುತ್ತಾರೆ. ಒಪ್ಪಿಗೆ ಹೇಗೆ ಪಡೆಯಬೇಕು, ಹಣ ಕೊಡಬೇಕೇ, ಏನು ತಪ್ಪಿಸಬೇಕು, ಗೊತ್ತಿದ್ದವರು ಹೇಳಿ.

(ತಿದ್ದಿದ್ದು: ಊರಿನ ಹೆಸರು, ವಯಸ್ಸು ತೆಗೆದಿದ್ದೇನೆ. ಕಾರಣ ಕೆಳಗಿದೆ.)

ನಿವೃತ್ತ ಸೂಪರಿಂಟೆಂಡೆಂಟ್

ಮೇಡಂ, ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚುವ ಉದ್ದೇಶ ನನಗಿಲ್ಲ. ಆದರೆ ಪ್ರಿನ್ಸಿಪಾಲರ ಮಾತಿನಲ್ಲಿ ಹುರುಳಿದೆ. ನಾವು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದುವಾಗ ವಾರ್ಡೇ ತರಗತಿಯಾಗಿತ್ತು. ಬೆಳಗ್ಗೆ ಬೆಡ್ ಮೇಕಿಂಗ್‌ನಿಂದ ರಾತ್ರಿ ಪಾಳಿಯವರೆಗೆ ರೋಗಿಯ ಜೊತೆಗೇ ಇರುತ್ತಿದ್ದೆವು. ರೋಗಿಯೇ ಅತ್ಯುತ್ತಮ ಗುರು ಎಂದು ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ 1903ರಲ್ಲಿಯೇ ಹೇಳಿಯಾಗಿದೆ, ಇದರಲ್ಲಿ ಹೊಸದೇನಿದೆ? ಈಗಿನ ಮಕ್ಕಳಿಗೆ ವಾರ್ಡಿನಲ್ಲಿ ನಿಲ್ಲುವ ತಾಳ್ಮೆ ಇಲ್ಲ, ಕೇಸ್ ಶೀಟ್ ನೋಡಿ ಬರೆದುಕೊಂಡು ಓಡುತ್ತಾರೆ. ಅದನ್ನು ಸರಿಪಡಿಸುವುದು ಬಿಟ್ಟು ಪಾಪದ ಆ ಹಿರಿಯರನ್ನು ಬಸ್ಸಿನಲ್ಲಿ ಕರೆಸಿ ಅರುವತ್ತು ಮಕ್ಕಳ ಮುಂದೆ ನಿಲ್ಲಿಸುವುದೇ?

ಇನ್ನೊಂದು. ಡಯಾಬಿಟಿಸ್ ದಿನಾಚರಣೆಗೆ ನಾವೂ ಒಮ್ಮೆ ಒಬ್ಬರನ್ನು ಕರೆಸಿದ್ದೆವು. ಮೈಕ್ ಕೈಗೆ ಬಂದದ್ದೇ ತಡ, ತಾವು ಇನ್ಸುಲಿನ್ ಬಿಟ್ಟು ಯಾವುದೋ ಕಷಾಯ ಕುಡಿದು ಗುಣವಾದ ಕಥೆ ಶುರು ಮಾಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ವೇದಿಕೆಯ ಮೇಲೆ ಬೆವರುತ್ತಾ ಕುಳಿತಿದ್ದೆ.

ಮಂಗಳವಾರ ಶುಕ್ರವಾರ

ನನ್ನ ಹೆಸರೇ ನನ್ನ ಡಯಾಲಿಸಿಸ್ ದಿನಗಳು. ಆರು ವರ್ಷವಾಯಿತು.

ನನ್ನನ್ನೂ ವಿಶ್ವ ಕಿಡ್ನಿ ದಿನಕ್ಕೆ ಒಂದು ಕಾಲೇಜು ಕರೆದಿತ್ತು. ಮಾತನಾಡಿದೆ, ಶಾಲು ಹೊದಿಸಿದರು, ಫೋಟೊ ಆಯಿತು. ಜೊತೆಗೆ ಒಂದು ದೊಡ್ಡ ಹಣ್ಣಿನ ಬುಟ್ಟಿ: ಬಾಳೆಹಣ್ಣು, ಕಿತ್ತಳೆ, ಮೇಲೊಂದು ಎಳನೀರು. ಮೂರರಲ್ಲೂ ಪೊಟ್ಯಾಸಿಯಂ ತುಂಬಿದೆ. ಅಂದು ಬೆಳಗ್ಗೆಯಷ್ಟೇ ಆ ಮಕ್ಕಳು ಗೋಡೆಗೆ ಅಂಟಿಸಿದ್ದ ಪೋಸ್ಟರಿನಲ್ಲಿ ಡಯಾಲಿಸಿಸ್ ರೋಗಿ ಇವನ್ನು ತಿನ್ನಬಾರದು ಎಂದು ಚಿತ್ರಸಮೇತ ಬರೆದಿತ್ತು! ಬುಟ್ಟಿಯನ್ನು ಬಸ್ಸಿನಲ್ಲಿ ಪಕ್ಕದವರಿಗೆ ಕೊಟ್ಟೆ. ಬಸ್ ಚಾರ್ಜು ನನ್ನದೇ, ಅಂದಿನ ಕೂಲಿಯೂ ಹೋಯಿತು.

ಹಾಗೆಂದು ಹೋಗಬಾರದಿತ್ತು ಎನಿಸಿಲ್ಲ. ಒಬ್ಬ ಹುಡುಗಿ ನನ್ನ ಕೈಯ ಫಿಸ್ಟುಲಾ ಮೇಲೆ, ಅಂದರೆ ಡಯಾಲಿಸಿಸ್ ಸೂಜಿಗಾಗಿ ಎರಡು ರಕ್ತನಾಳ ಜೋಡಿಸಿದ ಜಾಗದ ಮೇಲೆ, ಬೆರಳಿಟ್ಟು ನೋಡಬಹುದೇ ಎಂದು ಕೇಳಿದಳು. ಇಟ್ಟಳು. "ಬೆಕ್ಕು ಗುರುಗುಟ್ಟಿದ ಹಾಗಿದೆ ಅಂಕಲ್" ಎಂದಳು. ಆ ಗುರುಗುಟ್ಟುವಿಕೆ ನಿಂತರೆ ಕೂಡಲೇ ಆಸ್ಪತ್ರೆಗೆ ಓಡಬೇಕು, ರಾತ್ರಿ ಎಚ್ಚರವಾದಾಗಲೆಲ್ಲ ಮುಟ್ಟಿ ನೋಡಿಕೊಳ್ಳುತ್ತೇನೆ ಎಂದೆ. ಆಕೆ ಎಲ್ಲೇ ಕೆಲಸ ಮಾಡಿದರೂ ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ ಕಟ್ಟಲಾರಳು ಎಂಬ ಧೈರ್ಯ ನನಗಿದೆ.

ನನಗೆ ಹೇಳಬೇಕಾಗಿದ್ದದ್ದು ಬಾಯಾರಿಕೆಯ ಬಗ್ಗೆ. ಮೂತ್ರ ನಿಂತುಹೋದವನಿಗೆ "ನೀರು ಕಡಿಮೆ ಕುಡಿಯಿರಿ" ಎಂದು ಹೇಳಿ ಹೋಗುವುದು ಸುಲಭ. ಏಪ್ರಿಲ್ ತಿಂಗಳಲ್ಲಿ ಮನೆಯವರು ಮಜ್ಜಿಗೆ ಕುಡಿಯುವಾಗ ಎದ್ದು ಹೊರಗೆ ಹೋಗುವುದು, ಚಿಕ್ಕ ಲೋಟಕ್ಕೆ ಗೆರೆ ಎಳೆದುಕೊಳ್ಳುವುದು, ಐಸಿನ ಚೂರನ್ನು ಕೆನ್ನೆಯಲ್ಲಿಟ್ಟು ಕಾಯುವುದು, ಇದೆಲ್ಲ ನಮಗೆ ಮಾತ್ರ ಗೊತ್ತು. ಅವರು ಕೊಟ್ಟ ಹತ್ತು ನಿಮಿಷದಲ್ಲಿ ಅಷ್ಟೂ ಸಮಯ "ನಿಮ್ಮ ಆತ್ಮವಿಶ್ವಾಸದ ಗುಟ್ಟೇನು" ಎಂಬ ಪ್ರಶ್ನೆಗೇ ಹೋಯಿತು.

ಕಾನೂನು ಓದುಗ

ಮೊದಲಿಗೆ ಟ್ಯೂಟರ್ ಮೇಡಂ ಅವರಿಗೆ: ನಿಮ್ಮ ಬರಹದಲ್ಲಿ ಊರು, ಕಸುಬು, ವಯಸ್ಸು, ಕಾಯಿಲೆ ನಾಲ್ಕೂ ಇವೆ. ಆ ಊರಿನವರು ಓದಿದರೆ ಯಾರೆಂದು ತಿಳಿಯದೇ ಇರುತ್ತದೆಯೇ? ಒಪ್ಪಿಗೆಯ ಬಗ್ಗೆ ಕೇಳುವ ಬರಹದಲ್ಲಿಯೇ ಒಪ್ಪಿಗೆ ಇಲ್ಲದೆ ಗುರುತು ಬಿಟ್ಟಿದ್ದೀರಿ. ದಯವಿಟ್ಟು ತೆಗೆಯಿರಿ.

ಎರಡನೆಯದು, ಪ್ರಿನ್ಸಿಪಾಲರಿಗೆ ತೋರಿಸಲು ಒಂದು ಆಧಾರ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 47ನೇ ಸೆಕ್ಷನ್ ವೈದ್ಯರು, ನರ್ಸ್‌ಗಳು, ಅರೆವೈದ್ಯಕೀಯ ಸಿಬ್ಬಂದಿ ಇವರ ಶಿಕ್ಷಣದಲ್ಲಿ ಅಂಗವೈಕಲ್ಯವನ್ನು ಒಂದು ಭಾಗವಾಗಿ ಸೇರಿಸಬೇಕೆನ್ನುತ್ತದೆ. ಸೇರಿಸುವುದಾದರೆ ಅದನ್ನು ಬದುಕುತ್ತಿರುವವರಿಂದಲೇ ಹೇಳಿಸುವುದು ಸಹಜ. ಎಂಬಿಬಿಎಸ್‌ನವರಿಗೆ 2019ರ ಪಠ್ಯಕ್ರಮದ ಜೊತೆ ಬಂದ ಏಟ್ಕಾಂ (ಮನೋಭಾವ, ನೀತಿ, ಸಂವಹನ) ಪಾಠಗಳಲ್ಲಿ "ರೋಗಿಯಾಗಿರುವುದೆಂದರೆ ಏನು" ಎಂಬ ಒಂದು ಘಟಕವೇ ಇದೆ.

ಎಚ್‌ಐವಿ ಇರುವವರನ್ನು ಕರೆಯುವ ಯೋಚನೆ ಮುಂದೆ ಬಂದರೆ ಜಾಗ್ರತೆ. 2017ರ ಎಚ್‌ಐವಿ ಕಾಯ್ದೆ ಗೋಪ್ಯತೆಯ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಬಾಯಿಮಾತಿನ "ಸರಿ ಬರುತ್ತೇನೆ" ಸಾಲದು.

ಟ್ಯೂಟರ್ ಮೇಡಂ

ನಾಚಿಕೆಯಾಯಿತು ಸರ್. ಊರು, ವಯಸ್ಸು ತೆಗೆದಿದ್ದೇನೆ. ಇಲ್ಲಿ ಬರೆದಿರುವುದನ್ನು ಅವರಿಗೆ ಫೋನಿನಲ್ಲಿ ಓದಿ ಹೇಳಿ ಉಳಿದದ್ದಕ್ಕೆ ಒಪ್ಪಿಗೆ ಕೇಳಿದೆ. "ಪಂಚೆಯ ವಿಷಯ ಇರಲಿ, ಅದು ಎಲ್ಲರಿಗೂ ತಿಳಿಯಬೇಕು" ಎಂದರು.

ಯಾರ್ಕ್‌ಶೈರ್ ಕನ್ನಡತಿ

ಧಾರವಾಡದವಳು. ಹದಿನಾಲ್ಕು ವರ್ಷದಿಂದ ಇಂಗ್ಲೆಂಡಿನಲ್ಲಿ ನರ್ಸ್, ಈಗ ಒಂದು ವಿಶ್ವವಿದ್ಯಾಲಯದಲ್ಲಿ ಕಲಿಸುತ್ತೇನೆ. ಇಲ್ಲಿ ಇದು ಅಧ್ಯಾಪಕರ ಇಷ್ಟಕ್ಕೆ ಬಿಟ್ಟದ್ದಲ್ಲ. ಸಮಾಜಕಾರ್ಯ ಪದವಿಯಲ್ಲಿ 2003ರಿಂದ ಸೇವೆ ಪಡೆಯುವವರನ್ನು, ಅವರ ಆರೈಕೆ ಮಾಡುವವರನ್ನು ತೊಡಗಿಸಿಕೊಳ್ಳುವುದು ಕಡ್ಡಾಯ. ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ 2010ರ ಮಾನದಂಡಗಳಲ್ಲಿ ಇದನ್ನು ತಂದಿತು, 2018ರಲ್ಲಿ ಇನ್ನಷ್ಟು ಬಿಗಿ ಮಾಡಿತು. ಯಾರಿಗೆ ಸೀಟು ಕೊಡಬೇಕು ಎಂದು ನೋಡುವ ಸಂದರ್ಶನದಲ್ಲಿಯೂ ರೋಗಿಗಳಿಗೆ ಜಾಗ ಇರುತ್ತದೆ. ವಾರ್ಡಿನ ಕಲಿಕೆಯ ದಾಖಲೆ ಪುಸ್ತಕದಲ್ಲಿ ರೋಗಿಯ ಅಭಿಪ್ರಾಯಕ್ಕೆ ಪ್ರತ್ಯೇಕ ಪುಟವಿದೆ.

ಕೇಳಲು ಚಂದ. ಒಳಗಿನ ಮಾತನ್ನೂ ಹೇಳುತ್ತೇನೆ. ಕಡ್ಡಾಯ ಎಂದ ಕೂಡಲೇ ಅದು ಟಿಕ್ ಹಾಕುವ ಕೆಲಸವಾಗುತ್ತದೆ. ನಾಲ್ಕೇ ಮಂದಿ, ಚೆನ್ನಾಗಿ ಮಾತನಾಡುವವರು, ವರ್ಷವರ್ಷವೂ ಅವರೇ ಬರುತ್ತಾರೆ. ಸಿಟ್ಟಿನವರನ್ನು, ತೊದಲುವವರನ್ನು, ಇಂಗ್ಲಿಷ್ ಬಾರದ ಪಂಜಾಬಿ ಅಜ್ಜಿಯನ್ನು ಯಾರೂ ಕರೆಯುವುದಿಲ್ಲ. ಹಣ ಕೊಡುತ್ತೇವೆ, ಆದರೆ ಸರ್ಕಾರಿ ಭತ್ಯೆಯಲ್ಲಿ ಬದುಕುವವರಿಗೆ ಆ ಹಣದಿಂದಲೇ ಭತ್ಯೆಗೆ ತೊಡಕಾಗಬಹುದು ಎಂಬ ಹೆದರಿಕೆ ಇರುತ್ತದೆ.

ನನ್ನದೇ ತಪ್ಪು ಒಂದು: ಮಗನನ್ನು ಕಳೆದುಕೊಂಡ ತಾಯಿಯೊಬ್ಬರನ್ನು ಕರೆದಿದ್ದೆ. ಹಿಂದೆ ಎರಡು ಸಲ ಬಂದಿದ್ದವರು. ಮೂರನೇ ಸಲ ನಡುವೆಯೇ ಮಾತು ನಿಂತಿತು. ಆಮೇಲೆ ತಿಳಿಯಿತು, ಆ ವಾರವೇ ಹುಡುಗನ ತಿಥಿ. ದಿನಾಂಕ ನಾನು ಗೊತ್ತು ಮಾಡಿದ್ದೆ, ಅವರನ್ನು ಕೇಳಿರಲಿಲ್ಲ. ಅಂದಿನಿಂದ ದಿನವನ್ನು ಅವರೇ ಆರಿಸುತ್ತಾರೆ. ಮೊದಲೇ ಒಮ್ಮೆ ಭೇಟಿಯಾಗಿ, ಏನನ್ನು ಕೇಳಬಾರದು ಎಂದು ಬರೆದುಕೊಳ್ಳುತ್ತೇನೆ. ಮುಗಿದ ಮೇಲೆ ಒಂದು ಕಪ್ ಚಹಾ, ಮರುದಿನ ಒಂದು ಫೋನ್. ಈ ಫೋನನ್ನು ಬಿಡಬೇಡಿ. ಮಾತನಾಡಿ ಮನೆಗೆ ಹೋದ ರಾತ್ರಿ ಅವರಿಗೆ ನಿದ್ದೆ ಬಂದಿರುವುದಿಲ್ಲ.

ಸೂಪರಿಂಟೆಂಡೆಂಟ್ ಮೇಡಂ ಅವರಿಗೆ: ಆಸ್ಲರ್ ಹೇಳಿದ ಆ ಮಾತಿನಲ್ಲಿಯೇ ರೋಗಿಯನ್ನು ಪಠ್ಯ ಎಂದೂ ಕರೆದಿದ್ದಾನೆ. ಪಠ್ಯವನ್ನು ನಾವು ತೆರೆಯುತ್ತೇವೆ, ನಾವು ಓದುತ್ತೇವೆ, ನಾವು ಮುಚ್ಚುತ್ತೇವೆ. ತರಗತಿಗೆ ಬಂದು ಕುರ್ಚಿಯಲ್ಲಿ ಕುಳಿತವರು ಎದ್ದು ಹೋಗಬಲ್ಲರು. ವಾರ್ಡಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದವರು ಎಲ್ಲಿಗೆ ಹೋಗುತ್ತಾರೆ?

ಹೆಸರು ಬೇಡ

ನನಗೆ ಸ್ಕಿಝೊಫ್ರೇನಿಯಾ, ಹನ್ನೊಂದು ವರ್ಷ. ಈಗ ಮಾತ್ರೆ ತೆಗೆದುಕೊಂಡು ಅಂಗಡಿ ನಡೆಸುತ್ತಿದ್ದೇನೆ. ಒಳರೋಗಿಯಾಗಿದ್ದಾಗ ನರ್ಸಿಂಗ್ ವಿದ್ಯಾರ್ಥಿಗಳು ಬರುತ್ತಿದ್ದರು. ಒಂದೇ ದಿನ ಐದು ಮಂದಿ ಬಂದು ಅದೇ ಪ್ರಶ್ನೆಗಳನ್ನು ಕೇಳಿದರು. ಇಂದು ಯಾವ ವಾರ, ಪ್ರಧಾನಿ ಯಾರು, ನೂರರಿಂದ ಏಳೇಳು ಕಳೆಯುತ್ತಾ ಹೋಗಿ. 93, 86, 79, 72 ನನಗೆ ಬಾಯಿಪಾಠ ಆಗಿತ್ತು. ಐದನೆಯವಳು ನಡುವೆ ಮರೆತಳು, ಮುಂದಿನ ಪ್ರಶ್ನೆಯನ್ನು ನಾನೇ ಹೇಳಿಕೊಟ್ಟೆ. ನನ್ನ ಉತ್ತರಗಳೆಲ್ಲ ಸರಿ ಇವೆ ಎಂದು ಸಂತೋಷಪಟ್ಟು ಬರೆದುಕೊಂಡು ಹೋದಳು.

ನಿನಗೆ ಇಲ್ಲಿ ರಾತ್ರಿ ಹೆದರಿಕೆ ಆಗುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಅದು ಅವರ ಫಾರ್ಮಿನಲ್ಲಿ ಇರಲಿಲ್ಲ.

ಮೂರನೇ ಸೆಮಿಸ್ಟರ್

ನಾನು ವಿದ್ಯಾರ್ಥಿನಿ. ಮೇಲಿನವರ ಮಾತು ಓದಿ ಮುಖ ಮುಚ್ಚಿಕೊಳ್ಳುವಂತಾಯಿತು, ನಮ್ಮ ಸೀನಿಯರ್‌ಗಳು ಮಾಡುವುದೂ ಅದನ್ನೇ, ಮುಂದೆ ನಾವು ಮಾಡಲಿರುವುದೂ ಅದನ್ನೇ. ಕ್ಷಮಿಸಿ ಅಣ್ಣ.

ನಮ್ಮ ಕಡೆಯ ಸತ್ಯ ಇದು: ಕೇರ್ ಪ್ಲ್ಯಾನ್ ಇಷ್ಟು, ಕೇಸ್ ಸ್ಟಡಿ ಇಷ್ಟು ಎಂದು ಲೆಕ್ಕ ಇದೆ, ಸಹಿ ಆಗಬೇಕು. ಶಸ್ತ್ರಚಿಕಿತ್ಸೆ ಆದವರೆಲ್ಲರಿಗೂ ನಾನು ಕಣ್ಣು ಮುಚ್ಚಿ "ಡಿಸ್ಟರ್ಬ್ಡ್ ಬಾಡಿ ಇಮೇಜ್" (ತನ್ನ ದೇಹದ ರೂಪದ ಬಗ್ಗೆ ಬೇಸರ) ಎಂದು ಬರೆಯುತ್ತೇನೆ. ಮಾರ್ಕ್ಸ್ ಬರುತ್ತದೆ. ಒಮ್ಮೆ ಒಬ್ಬ ಸ್ಟೋಮಾ ಇರುವವರನ್ನು ನಿಜವಾಗಿ ಕೇಳಿದೆ, ನಿಮಗೆ ಯಾವುದು ಹೆಚ್ಚು ಬೇಸರ ಎಂದು. ಜಾತ್ರೆಯಲ್ಲಿ ಊಟದ ಪಂಕ್ತಿಗೆ ಕೂರುವುದಿಲ್ಲ ಎಂದರು. ಚಕ್ಕಳ ಬಕ್ಕಳ ಹಾಕಿ ಬಗ್ಗಿದರೆ ಬ್ಯಾಗ್ ಮಡಚಿಕೊಳ್ಳುತ್ತದೆ, ಗಾಳಿ ಹೋಗುವ ಸದ್ದು ಬರುತ್ತದೆ, ಅಕ್ಕಪಕ್ಕದವರು ನೋಡುತ್ತಾರೆ. ಅವರಿಗೆ ಕನ್ನಡಿಯ ಮುಂದೆ ಏನೂ ತೊಂದರೆ ಇರಲಿಲ್ಲ, ಪಂಕ್ತಿಯಲ್ಲಿತ್ತು. ಅದನ್ನು ಕೇರ್ ಪ್ಲ್ಯಾನಿನಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ ಮತ್ತೆ ಅದೇ ಮೂರು ಪದ ಬರೆದೆ.

ನಮ್ಮ ತರಗತಿಯಲ್ಲಿ ಅರ್ಧದಷ್ಟು ಮಂದಿ ಹೊರರಾಜ್ಯದವರು. ವಾರ್ಡಿನಲ್ಲಿ ಅವರಿಗೆ ನೋವು ಇದೆಯಾ, ಊಟ ಆಯಿತಾ ಎಂಬುದಕ್ಕಿಂತ ಹೆಚ್ಚು ಕನ್ನಡ ಬರುವುದಿಲ್ಲ. ತರಗತಿಯಲ್ಲಾದರೆ ನಾವು ಪಕ್ಕದಲ್ಲಿ ಕುಳಿತು ಹೇಳಬಹುದು, ಅವರೂ ಪ್ರಶ್ನೆ ಕೇಳಬಹುದು. ಇದು ಯಾರೂ ಹೇಳಲಿಲ್ಲ, ಅದಕ್ಕೆ ಹೇಳಿದೆ.

ನಿವೃತ್ತ ಸೂಪರಿಂಟೆಂಡೆಂಟ್

ಕನ್ನಡತಿ ಅವರ ಕೊನೆಯ ಪ್ರಶ್ನೆ ಚುಚ್ಚಿತು. ಚುಚ್ಚಬೇಕಾದದ್ದೇ. ರೌಂಡ್ಸ್‌ನಲ್ಲಿ ಹೊದಿಕೆ ಸರಿಸಿ ಗಾಯ ತೋರಿಸಿದ್ದು ನೆನಪಾಯಿತು. ಸ್ಕ್ರೀನ್ ಎಳೆದಿರುತ್ತಿದ್ದೆವು, ಆದರೆ ಸ್ಕ್ರೀನಿನ ಒಳಗೇ ಹದಿನೈದು ಮಂದಿ ಇರುತ್ತಿದ್ದರು.

ಕಷಾಯದ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ.

ಯಾರ್ಕ್‌ಶೈರ್ ಕನ್ನಡತಿ

ಕೊಡುತ್ತೇನೆ ಮೇಡಂ. ಇನ್ಸುಲಿನ್ ಯಾಕೆ ಬಿಟ್ಟಿರಿ ಎಂದು ಅವರನ್ನು ಕೇಳಿದಿರಾ? ಮನೆಯಲ್ಲಿ ಫ್ರಿಜ್ ಇರಲಿಲ್ಲವೇ, ಸೂಜಿ ಚುಚ್ಚಿಕೊಳ್ಳುವುದನ್ನು ಸೊಸೆ ನೋಡುತ್ತಾಳೆಂಬ ಸಂಕೋಚವೇ, ಲೋ ಶುಗರ್ ಆಗಿ ಹೊಲದಲ್ಲಿ ಬಿದ್ದು ಹೆದರಿದ್ದರೇ? ಮಕ್ಕಳು ಕಲಿಯಬೇಕಾದದ್ದು ಅಲ್ಲಿದೆ. ರೋಗಿ ಬರುವುದು ತನ್ನ ಬದುಕನ್ನು ಹೇಳಲು, ಔಷಧಶಾಸ್ತ್ರ ಹೇಳಲು ಅಲ್ಲ. ಅದು ನಿಮ್ಮ ಕೆಲಸ. ಅವರು ಹೋದ ಮೇಲೆ ಅರ್ಧ ಗಂಟೆ ಮಕ್ಕಳ ಜೊತೆ ಕುಳಿತು ಇದನ್ನು ಬಿಡಿಸಿ ಹೇಳಲೇಬೇಕು. ಮೈಕ್ ಮತ್ತು ವೇದಿಕೆ ಕೊಟ್ಟರೆ ಯಾರಾದರೂ ಭಾಷಣವನ್ನೇ ಮಾಡುತ್ತಾರೆ. ಗುಂಡಾಗಿ ಕುರ್ಚಿ ಹಾಕಿಸಿ.

ನಟರನ್ನು ಬಳಸುವ ದಾರಿಯೂ ಇದೆ. 1963ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹೋವರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು ರೋಗಿಯಂತೆ ನಟಿಸಲು ಜನರನ್ನು ತರಬೇತುಗೊಳಿಸಿದರು, ಇಂದು ಪರೀಕ್ಷೆಗಳಲ್ಲಿ ಅದು ಸಾಮಾನ್ಯ. ಪರೀಕ್ಷೆಗೆ ಒಳ್ಳೆಯದು, ಎಲ್ಲರಿಗೂ ಒಂದೇ ರೋಗಿ ಸಿಗುತ್ತಾನೆ. ಆದರೆ ಯಾವ ನಟನಿಗೂ ಉಡಿದಾರದ ವಿಷಯ ಹೊಳೆಯುವುದಿಲ್ಲ.

ಆರೈಕೆಯ ಅಮ್ಮ

ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು, ಮೈ ಹಿಡಿತಕ್ಕೆ ಸಿಗದ ಸ್ಥಿತಿ), ಹದಿಮೂರು ವರ್ಷ. ಎಲ್ಲರೂ ರೋಗಿ ರೋಗಿ ಎನ್ನುತ್ತಿದ್ದೀರಿ. ನನ್ನ ಮಗಳು ಮಾತನಾಡುವುದಿಲ್ಲ. ಅವಳ ಪರವಾಗಿ ತರಗತಿಗೆ ಯಾರು ಬರಬೇಕು? ಆಸ್ಪತ್ರೆಯಲ್ಲಿ ನನ್ನ ಹೆಸರು "ಅಟೆಂಡರ್". ಅಟೆಂಡರ್ ಹೊರಗೆ ಇರಿ, ಅಟೆಂಡರ್ ಸಹಿ ಹಾಕಿ.

ಅಡ್ಮಿಟ್ ಆಗಿದ್ದಾಗ ಒಬ್ಬ ಸಿಸ್ಟರ್ ಅವಳ ತಲೆಯನ್ನು ಹಿಂದಕ್ಕೆ ಬಾಗಿಸಿ ಗಂಜಿ ಕುಡಿಸಲು ಹೋದರು. ನಾನು ಕೂಗಿದೆ, ಅವರು ಸಿಟ್ಟಾದರು. ಬೆನ್ನು ನೆಟ್ಟಗಿರಬೇಕು, ಗಲ್ಲ ಸ್ವಲ್ಪ ಕೆಳಗೆ ಇರಬೇಕು, ಚಮಚ ಎದುರಿನಿಂದ ಬರಬೇಕು, ನುಂಗಿದ ಮೇಲೆಯೇ ಮುಂದಿನ ತುತ್ತು. ಒಂದು ಊಟಕ್ಕೆ ನಲವತ್ತು ನಿಮಿಷ ಬೇಕು. ಇದನ್ನು ನನಗೆ ಫಿಸಿಯೊದವರು ಒಮ್ಮೆ ಹೇಳಿದರು, ಉಳಿದದ್ದನ್ನು ಹದಿಮೂರು ವರ್ಷ ದಿನಕ್ಕೆ ಮೂರು ಸಲ ಕಲಿತೆ. ಯಾವ ಕಾಲೇಜಾದರೂ ಕರೆದರೆ ಹಣ ಬೇಡ, ಮಗಳನ್ನು ನೋಡಿಕೊಳ್ಳಲು ಆ ಎರಡು ಗಂಟೆ ಒಬ್ಬರನ್ನು ಕಳುಹಿಸಿ. ಸಾಕು.

ಮಂಗಳವಾರ ಶುಕ್ರವಾರ

ಅಕ್ಕ, ಹಣ ಬೇಡ ಎನ್ನಬೇಡಿ. ನೀವು ಬೇಡ ಎಂದರೆ ಮುಂದೆ ಬರುವ ಕೂಲಿಯವರೂ ಬೇಡ ಎನ್ನಬೇಕಾಗುತ್ತದೆ. ಹೊರಗಿನ ಡಾಕ್ಟರ್ ಬಂದು ಉಪನ್ಯಾಸ ಕೊಟ್ಟರೆ ಕವರ್ ಕೊಡುತ್ತಾರಲ್ಲ?

ಟ್ಯೂಟರ್ ಮೇಡಂ (ಐದು ವಾರಗಳ ನಂತರ)

ತರಗತಿ ಆಯಿತು. ಕೇಳಿದವರಿಗೆಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಪ್ರಿನ್ಸಿಪಾಲರು ಒಪ್ಪಿದ್ದು ಕಾಯ್ದೆ ನೋಡಿ ಅಲ್ಲ, ಡಯಾಲಿಸಿಸ್ ಸರ್ ಅವರ ಬುಟ್ಟಿಯ ಕಥೆ ಓದಿ. ನಕ್ಕು, ಆಮೇಲೆ ಸುಮ್ಮನಾಗಿ, "ಅತಿಥಿ ಉಪನ್ಯಾಸಕರ ಲೆಕ್ಕದಲ್ಲಿ ಕೊಡಿ" ಎಂದರು. ಆಫೀಸಿನವರು ಓಚರಿನಲ್ಲಿ ವಿದ್ಯಾರ್ಹತೆ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಎರಡು ದಿನ ಪೀಡಿಸಿದರು. "ಸ್ಟೋಮಾ, ನಾಲ್ಕು ವರ್ಷ" ಎಂದು ಬರೆಸಿದೆ. ಪಾಸಾಯಿತು.

ದಿನವನ್ನು ಅವರೇ ಆರಿಸಿದರು. ಸಂತೆಯ ದಿನ ಬೇಡ, ಬಸ್ಸಿನಲ್ಲಿ ನೂಕುನುಗ್ಗಲು, ಬ್ಯಾಗ್‌ಗೆ ಅಪಾಯ ಎಂದರು. ಹೊಟ್ಟೆಯಲ್ಲಿ ಗಾಳಿ ಆದೀತೆಂದು ಹಿಂದಿನ ದಿನ ಅವರೆಕಾಳು ತಿನ್ನಲಿಲ್ಲವಂತೆ. ಫೋಟೊ ಇಲ್ಲ, ಶಾಲು ಇಲ್ಲ. ಮಕ್ಕಳು ಗುಂಡಾಗಿ ಕುಳಿತರು. ಅರುವತ್ತರಲ್ಲಿ ಇಪ್ಪತ್ತು ಮಂದಿಯಷ್ಟೇ, ಉಳಿದವರಿಗೆ ಮುಂದಿನ ಸಲ.

ಮೊದಲ ಹತ್ತು ನಿಮಿಷ ಕಷ್ಟವಾಯಿತು. ಅವರು ನನ್ನ ಮುಖ ನೋಡಿಕೊಂಡು ಮಾತನಾಡುತ್ತಿದ್ದರು, ಪರೀಕ್ಷೆಗೆ ಕುಳಿತವರ ಹಾಗೆ. ನಾನು ಎದ್ದು ಹಿಂದಿನ ಬೆಂಚಿಗೆ ಹೋದೆ. ಆಮೇಲೆ ಸರಿಹೋಯಿತು. ಎಣ್ಣೆ ಸ್ನಾನ ಬಿಟ್ಟದ್ದು ತನಗೆ ದೊಡ್ಡ ನಷ್ಟ ಎಂದರು, ಎಣ್ಣೆ ಪಸೆ ಇದ್ದರೆ ಬ್ಯಾಗ್ ಅಂಟುವುದಿಲ್ಲ. ಒಂದು ಬ್ಯಾಗನ್ನು ಹೆಚ್ಚು ದಿನ ಎಳೆದಾಡಿಸಿದಾಗ ಚರ್ಮ ಸುಟ್ಟಂತಾದದ್ದನ್ನು ಹೇಳಿದರು. ಮಣಿಪುರದ ಹುಡುಗಿಯೊಬ್ಬಳು, ಪಕ್ಕದವಳ ಬಾಯಲ್ಲಿ ಕನ್ನಡ ಮಾಡಿಸಿ, ಮೊದಲ ಸಲ ಬ್ಯಾಗ್ ಬದಲಾಯಿಸಿದ ಸಿಸ್ಟರ್ ಏನು ಹೇಳಿದರು ಎಂದು ಕೇಳಿದಳು. "ಏನೂ ಹೇಳಲಿಲ್ಲ. ಮಾಸ್ಕಿನ ಒಳಗೆ ಉಸಿರು ಹಿಡಿದುಕೊಂಡಿದ್ದರು. ನನಗೆ ಗೊತ್ತಾಯಿತು" ಎಂದರು. ಯಾರೂ ಬರೆದುಕೊಳ್ಳಲಿಲ್ಲ.

ಪಂಚೆಯ ಗಂಟನ್ನು ಪ್ಯಾಂಟಿನ ಮೇಲೆಯೇ ಟವೆಲ್ ಸುತ್ತಿಕೊಂಡು ತೋರಿಸಿದರು. ನಂತರ ಒಬ್ಬ ಹುಡುಗ ಎದ್ದು, ಸೀರೆಯ ನೆರಿಗೆ ಸಿಕ್ಕಿಸುವ ಜಾಗ ಎಲ್ಲಿ ಬರುತ್ತದೆ ಎಂದು ಕೇಳಿದ. ಅದಕ್ಕೆ ಅವರ ಬಳಿಯೂ ಉತ್ತರ ಇರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಸೀರೆ ಉಡುವವಳು ನಾನು!

ಕನ್ನಡತಿ ಅವರು ಹೇಳಿದ ಹಾಗೆ ಮರುದಿನ ಫೋನ್ ಮಾಡಿದೆ. ನಿದ್ದೆ ಚೆನ್ನಾಗಿಯೇ ಬಂತಂತೆ, ಆದರೆ ಮನೆಯಲ್ಲಿ ಜಗಳವಾಗಿದೆ. "ನಾಲ್ಕು ವರ್ಷದಿಂದ ಬ್ಯಾಗ್ ಕತ್ತರಿಸಿ ಅಂಟಿಸುವವಳು ನಾನು, ಕಾಲೇಜಿಗೆ ಹೋಗಿ ದುಡ್ಡು ತಂದವರು ಇವರು" ಎಂದು ಅವರ ಹೆಂಡತಿ ಹಿಂದಿನಿಂದ ಹೇಳಿದ್ದು ನನಗೂ ಕೇಳಿಸಿತು. ಮುಂದಿನ ಸಲ ಅವರೇ ಬರುತ್ತಾರಂತೆ. ಗಂಡನಿಲ್ಲದೆ, ಒಬ್ಬರೇ. ಹೊಸ ಓಚರು ಬರೆಯಬೇಕು. ಆರೈಕೆಯ ಅಮ್ಮ, ನಿಮಗೂ ಒಂದು ಮೆಸೇಜ್ ಕಳುಹಿಸಿದ್ದೇನೆ, ನೋಡಿ.